ಮಿಟುಕುವ ಲಕೋಟೆ

ಹಳೆಯ ಗುಂಡಿ ಫೋನಿನ ಮೂಲೆಯಲ್ಲಿ ಲಕೋಟೆಯ ಗುರುತು ಮತ್ತೆ ಮಿಟುಕತೊಡಗಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುತ್ತಿದ್ದವಳು ಕೈ ತಡೆದು ಅದನ್ನೇ ನೋಡಿದಳು. ಹೊಸ ಮೆಸೇಜೊಂದು ಬಂದು ಹೊರಗೇ ನಿಂತಿದೆ, ಒಳಗೆ ಜಾಗವಿಲ್ಲ. ಹಳೆಯದೊಂದನ್ನು ಅಳಿಸುವವರೆಗೆ ಅದು ಯಾರದೆಂದೂ ತಿಳಿಯದು.

"ಮಗಳದ್ದೇ ಇರ್ಬೇಕು ಕಣೇ," ಎಂದಳು ಚಾದರದ ಇನ್ನೊಂದು ತುದಿ ಹಿಡಿದಿದ್ದ ಹಿರಿಯಳು. ಲಾಂಡ್ರಿಯವರಿಗೆಲ್ಲ ಅವಳು ಅಕ್ಕ. "ಮುನಿಸ್ಕೊಂಡು ಹೋಗಿ ತಿಂಗಳಾಯ್ತಲ್ಲ?"

ಹಾಸ್ಟೆಲಿಗೆ ಹೊರಟ ದಿನ ಮಗಳು ಬ್ಯಾಗು ಹೆಗಲಿಗೇರಿಸಿಕೊಂಡು, "ನಿನ್ನ ಫೋನು ಯಾವಾಗ್ಲೂ ಫುಲ್ಲು. ಸತ್ತ ಅಪ್ಪಂಗೆ ಜಾಗ ಇದೆ, ನಂಗಿಲ್ಲ ಅಲ್ವಾ?" ಎಂದಿದ್ದಳು. ಆಮೇಲೆ ಕರೆ ಮಾಡಿದರೆ ಎತ್ತುತ್ತಲೂ ಇರಲಿಲ್ಲ.

"ಅಂಥಾ ಪ್ರೇಮಪತ್ರ ಏನಿದೆಯೇ ನಿನ್ನ ಗಂಡನ ಮೆಸೇಜಲ್ಲಿ?" ಎಂದಳು ಅಕ್ಕ. " ಓದು, ನಾವೂ ಕೇಳೋಣ."

"'ಬಲ್ಬು ತಂದ್ಯಾ.' 'ಲೇಟಾಗತ್ತೆ, ಮಲ್ಕೋ.' 'ಟಯರ್ ಪಂಚರ್.'"

ಅಕ್ಕ ಬಿದ್ದು ಬಿದ್ದು ನಕ್ಕಳು. "ಅಯ್ಯೋ ನಿನ್ನ! ಪಂಚರಾದ ಟಯರನ್ನ ಇಷ್ಟು ವರ್ಷ ಎದೆಗವಚ್ಕೊಂಡು ಕೂತಿದ್ದೀಯಲ್ಲೇ!"

ಅವಳೂ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಉಳಿದವೆಲ್ಲ ಒಂದೇ ಮಾತು: 'ಬಾಗಿಲು ತೆಗಿ.' ಲಾರಿ ಓಡಿಸುತ್ತಿದ್ದ ಗಂಡ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದ. ಬೆಲ್ಲು ಒತ್ತಿದರೆ ಮಗು ಏಳುತ್ತದೆಂದು ಮೆಟ್ಟಿಲಲ್ಲಿ ನಿಂತು ಮೆಸೇಜು ಕಳಿಸುತ್ತಿದ್ದ. ಒಂದೇ ಮಾತು, ಒಂದು ಹೋದರೇನು ಎಂದುಕೊಂಡಳು. ಆದರೆ ಪ್ರತಿಯೊಂದಕ್ಕೂ ಅವನು ಒಂದೊಂದು ಸಲ ಮನೆಗೆ ಬಂದಿದ್ದ.

'ಅಳಿಸಬೇಕೇ?' ಎಂದು ಫೋನು ಕೇಳಿತು. ಹೆಬ್ಬೆರಳು ಗುಂಡಿಯ ಮೇಲೆಯೇ ನಿಂತಿತು. ಅಕ್ಕ ತನ್ನ ತುದಿಯನ್ನು ಜಗ್ಗದೆ, ಚಾದರ ಹಿಡಿದುಕೊಂಡೇ ನಿಂತಳು.

ಅವಳು ಒತ್ತಿದಳು. ಫೋನು ಗುಂಯ್ ಎಂದು ನಡುಗಿತು.

'ಸಂಜೆ ಬಸ್ಸಿಗೆ ಬರ್ತಿದೀನಿ. ನೀನಿದನ್ನ ಓದಲ್ಲ ಅಂತ ಗೊತ್ತು.'

"ಏನಂತೆ?"

"ಬರ್ತಾಳಂತೆ."

"ಮತ್ತೆ ಅಳೋದ್ಯಾಕೆ? ಒಗೆದ ಚಾದರ ಕಣೇ ಅದು, ಮೂಗು ಒರೆಸ್ಬೇಡ!"

ಸಂಜೆ ಮನೆಗೆ ಬಂದು ದೀಪ ಹಾಕಿದಳು. ಒಂಟಿಯಾದಾಗಿನಿಂದ ಬಂದ ರೂಢಿಯಂತೆ ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು. ಮುಟ್ಟಿ, ಹಿಂದಕ್ಕೆ ತೆಗೆದುಕೊಂಡಳು. ಗಾಳಿಗೆ ಮುಚ್ಚಿಕೊಂಡುಬಿಟ್ಟೀತೆಂದು ತನ್ನ ಚಪ್ಪಲಿಯೊಂದನ್ನು ಬಾಗಿಲ ಸಂದಿಗೆ ಸಿಕ್ಕಿಸಿ, ಒಲೆ ಹಚ್ಚಲು ಒಳಗೆ ಹೋದಳು. ದೀಪದ ಬೆಳಕು ಆ ಸಂದಿಯಿಂದ ಹೊರಬಿದ್ದು ಮೊದಲ ಮೆಟ್ಟಿಲವರೆಗೂ ಚಾಚಿತ್ತು.