ಎಲ್ಲರೂ ಮೊದಲ ಸಾಲಿನಲ್ಲಿ

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವವನಿಗೆ ಅಲ್ಲಿನವರು ಇಟ್ಟ ಹೆಸರು ‘ಆಗಲಿ’. ಯಾರು ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು. ಎಕ್ಸ್‌ರೇಯವರು ಬಂದು, “ನಮ್ಮ ಚಿತ್ರ ಮೊದಲು ಹೋಗ್ಬೇಕು” ಅಂದರು. ಆಗಲಿ. ಲೆಕ್ಕಪತ್ರದವರು ಮುಖ ಊದಿಸಿಕೊಂಡು, “ನಾವೇನು ಬಿಟ್ಟಿ ಬಿದ್ದಿದ್ದೀವಾ?” ಅಂದರು. ಆಗಲಿ. ನಿರ್ದೇಶಕರಂತೂ ಕೇಳಲೂ ಇಲ್ಲ, ಹುಬ್ಬು ಏರಿಸಿದರು, ಅಷ್ಟೇ.

ಕಪಾಟಿನೊಳಗೆ ಮಿಣಮಿಣ ಮಿನುಗುವ ನೆಟ್‌ವರ್ಕ್ ಸ್ವಿಚ್ಚಿಗೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲ. ಬರುವ ಪ್ರತಿ ಮಾಹಿತಿ ಪೊಟ್ಟಣದ ಹಣೆಯ ಮೇಲಿನ ಗುರುತು ಓದುತ್ತದೆ, ತಕ್ಕ ಸಾಲಿಗೆ ತಳ್ಳುತ್ತದೆ. ಮೊದಲ ಸಾಲು ಖಾಲಿಯಾಗುವವರೆಗೆ ಉಳಿದವು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಆ ಸಾಲು ಇದ್ದದ್ದು ಆಂಬುಲೆನ್ಸ್ ಕೋಣೆಯ ಫೋನುಗಳಿಗೆ. ದಾಕ್ಷಿಣ್ಯದ ಮನುಷ್ಯ ಎಲ್ಲರ ಹಣೆಗೂ ಅದೇ ಗುರುತು ಹಚ್ಚಿಬಿಟ್ಟಿದ್ದ.

ಆ ಬೆಳಿಗ್ಗೆ ಅವನು ಆಂಬುಲೆನ್ಸ್ ಕೋಣೆಗೆ ಹೋದದ್ದು ಅತ್ತಿಗೆ ಮನೆಯಲ್ಲಿ ಮರೆತು ಬಂದ ಕನ್ನಡಕ ಕೊಡಲು. ಅವಳು ಅಲ್ಲಿ ಫೋನು ತೆಗೆಯುವವಳು. ಮೇಲಿನ ಮಹಡಿಯಲ್ಲಿ ನಿರ್ದೇಶಕರು ಹೊಸ ವಾರ್ಡನ್ನು ದೂರದ ಅತಿಥಿಗಳಿಗೆ ವಿಡಿಯೋದಲ್ಲಿ ತೋರಿಸುತ್ತಿದ್ದರು.

ಅತ್ತಿಗೆ ಕನ್ನಡಕದ ಕಡೆ ತಿರುಗಲೇ ಇಲ್ಲ. ಸ್ಪೀಕರಿನಲ್ಲಿ ಗಂಡಸಿನ ದನಿ ಚೂರುಚೂರಾಗಿ ಬೀಳುತ್ತಿತ್ತು.

“ಹೆರಿಗೆ ಆಗೋ... ಗಾಡಿ ಇನ್ನೂ... ಮಗು ಅಳ್ತಾ... ಇಲ್ಲ...”

“ಒಣ ಬಟ್ಟೆ ತಗೊಂಡು ಮಗು ಬೆನ್ನು ಉಜ್ಜಿ! ಗಟ್ಟಿಯಾಗಿ!”

“ಏನು? ಬೆ... ಏನು ಮಾಡ್ಲಿ?”

ಅತ್ತಿಗೆ ಅವನತ್ತ ನೋಡಿದಳು. “ನಿನ್ನ ತಂತಿಗೇನು ಬಡ್ಕೊಂಡಿದೆಯೋ?”

ತಂತಿಗೆ ಏನೂ ಬಡಿದಿರಲಿಲ್ಲ. ಮೊದಲ ಸಾಲಿನಲ್ಲಿ ನಿರ್ದೇಶಕರ ಇಡೀ ವಾರ್ಡು, ಮಂಚ ಪರದೆ ಸಮೇತ, ನಿಂತಿತ್ತು. ಅದರ ಹಿಂದೆ ಎಲ್ಲೋ, ಒಂದು ಹಿಡಿಯಷ್ಟು ದನಿ.

ಪಕ್ಕದ ಮೇಜಿನ ಕಂಪ್ಯೂಟರಿಗೆ ಕೈ ಹಾಕಿದ. ಲೆಕ್ಕಪತ್ರದವರ ಗುರುತು ಅಳಿಸಿದ, ಎಕ್ಸ್‌ರೇಯವರದ್ದು ಅಳಿಸಿದ. ನಿರ್ದೇಶಕರ ಗುರುತಿಗೆ ಬಂದಾಗ ಬೆರಳು ನಿಂತಿತು. ಆ ಹುಬ್ಬು ಕಣ್ಣ ಮುಂದೆ ಬಂತು.

“ಹಲೋ... ಮಗು ನೀ... ಆಗ್ತಾ...” ಅಂತು ಸ್ಪೀಕರು.

ಬೆರಳು ಒತ್ತಿತು.

“—ನೀಲಿ ಆಗ್ತಾ ಇದೆ ಅಮ್ಮಾ! ಏನ್ ಮಾಡ್ಲಿ ಹೇಳಿ!”

ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ.

“ಒಣ ಬಟ್ಟೆ. ಬೆನ್ನು ಉಜ್ಜಿ. ನಾನು ಇಲ್ಲೇ ಇದ್ದೀನಿ, ಉಜ್ತಾ ಇರಿ.”

ಬಟ್ಟೆಯ ಸರಸರ ಕೇಳಿಸಿತು. ಯಾರದೋ ಏದುಸಿರು ಕೇಳಿಸಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಕೀರಲು, ಅದರ ಬೆನ್ನಿಗೇ ಕೋಣೆ ತುಂಬುವ ಅಳು. ಅದರ ಮೇಲೆ ಅಪ್ಪನ ಅಳು.

ಅತ್ತಿಗೆ ಮಗುವನ್ನು ತಾಯಿಯ ಎದೆಗೆ ಒರಗಿಸಿ ಬೆಚ್ಚಗೆ ಹೊದಿಸಲು ಹೇಳಿದಳು. ಗಾಡಿ ಬಾಗಿಲಿಗೆ ಬಂದ ಸದ್ದು ಕೇಳಿದ ಮೇಲೆ ಕುರ್ಚಿಗೆ ಒರಗಿ ಕನ್ನಡಕಕ್ಕೆ ಕೈ ಚಾಚಿದಳು. “ಕೊಡಪ್ಪ. ಈಗ ನಿನ್ನ ಮುಖ ನೋಡ್ಬೇಕು.”

ಅವನ ಮೊಬೈಲು ಗುನುಗಿತು. ನಿರ್ದೇಶಕರು. “ಏನ್ರೀ ಇದು, ನನ್ನ ಮುಖ ಚೌಕಚೌಕ ಕಾಣ್ತಿದೆಯಂತೆ! ಮೊದಲಿನ ಹಾಗೆ ಮಾಡಿ!”

“ಆಗಲ್ಲ ಸಾರ್. ಮೊದಲ ಸಾಲು ಫೋನಿಗೆ. ನಿಮ್ಮದು ಎರಡನೇದು. ಸ್ವಲ್ಪ ತಡ ಆದ್ರೂ ಬರುತ್ತೆ.”

ನಿರ್ದೇಶಕರ ದನಿ ಇಳಿಯಿತು. “ಬರುತ್ತಲ್ಲ?”

“ಬರುತ್ತೆ ಸಾರ್.”

ಅತ್ತಿಗೆ ಕನ್ನಡಕ ಏರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಅಯ್ಯಾ ಮೈದುನಾ, ಮನೆಗೆ ಹೋಗಿ ನಿಮ್ಮಣ್ಣನಿಗೆ ಹೇಳ್ತೀನಿ, ನಿನಗೆ ಮಾತು ಬಂತು ಅಂತ.” ನಗುತ್ತಲೇ ಮುಂದಿನ ಫೋನು ಎತ್ತಿಕೊಂಡಳು.