ಜಿಂಕ್ಯಾನ ಅಂಗಾಲು

ನಾಯಿಗಳ ಓಟದ ಪಂದ್ಯಕ್ಕೆ ಇನ್ನು ಇಪ್ಪತ್ತೆರಡು ದಿನ ಇರುವಾಗ ನನ್ನ ಜಿಂಕ್ಯಾ ಮುಂದಿನ ಬಲಗಾಲನ್ನು ಎತ್ತಿ ಹಿಡಿದು, ಮೂರು ಕಾಲಿನ ಮೇಲೆ ಕುಂಟುತ್ತ ಅಡುಗೆಮನೆಗೆ ಬಂದ. ರೊಟ್ಟಿ ಬಡಿಯುವುದನ್ನು ಅಲ್ಲಿಗೇ ಬಿಟ್ಟು ಅವನ ಅಂಗಾಲು ತಿರುವಿ ನೋಡಿದೆ. ಬೆರಳುಗಳ ಸಂದಿ ಕೆಂಪಾಗಿ ಹಸಿಯಾಗಿತ್ತು. ಹೊಟ್ಟೆಯಡಿ, ಕೂದಲು ತೆಳುವಾಗಿರುವಲ್ಲಿ, ಸಣ್ಣ ಗುಳ್ಳೆಗಳು. ಆರು ತಿಂಗಳಲ್ಲಿ ಇದು ಐದನೆಯ ಸಲ.

"ಮತ್ತ ಶುರು ಆತೇನು?" ಅತ್ತೆ ಶಿವವ್ವ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಲ್ಲಿಂದಲೇ ಕೇಳಿದರು. "ಮುಧೋಳ ನಾಯಿ, ಮುಧೋಳ ನಾಯಿ ಅಂತ ನಿಮ್ಮಪ್ಪಾರು ಹೊಗಳಿದ್ದ ಹೊಗಳಿದ್ದು. ನಮ್ಮ ಓಣಿ ನಾಯಿಗೋಳಿಗೆ ಇಂಥಾ ನಾಜೂಕ ಕಾಲು ಇಲ್ಲ ನೋಡು."

ಮದುವೆಯಾಗಿ ನಾನು ಬನಹಟ್ಟಿಗೆ ಬಂದದ್ದು ಹಿಂದಿನ ವರ್ಷ, ಎಪ್ಪತ್ತೇಳರಲ್ಲಿ. ತವರಿನಿಂದ ನನ್ನ ಜೊತೆ ಬಂದದ್ದು ಎರಡು ಟ್ರಂಕು, ಧಾರವಾಡದ ಬಿ.ಎಸ್ಸಿ. ಸರ್ಟಿಫಿಕೇಟು, ಈ ನಾಯಿ. ಆರು ಪವರ್‌ಲೂಮಿನ ಮಾಲಕರಾದ ಮಾವ ರಾಚಪ್ಪನವರು ಅವನನ್ನು ಒಳಗೆ ಬಿಟ್ಟುಕೊಂಡದ್ದು ಒಂದೇ ಕರಾರಿನ ಮೇಲೆ: ನಾಯಿಯ ವಾಸನೆ ಅವರ ಮೂಗಿಗೆ ಬರಬಾರದು. ಅದಕ್ಕೇ ನಾನು ದಿನಕ್ಕೆರಡು ಹೊತ್ತು ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದೆ. ಈಗ ಅವರು ಇನ್ನೊಂದು ಮಾತು ಸೇರಿಸಿದರು.

"ಶಿವರಾತ್ರಿ ಆದ ಮ್ಯಾಲಿನ ರವಿವಾರ ಚಿಮ್ಮಡದ ಪಂದ್ಯದಾಗ ಕಡೀ ತನಕ ಓಡಿದ್ರ ಇರಲಿ. ಓಡಲಿಲ್ಲಂದ್ರ ಧರೆಪ್ಪ ಕೇಳ್ಯಾನ, ಕೊಟ್ಟುಬಿಡ್ತೇನಿ. ಕುಂತು ಕಾಲು ನೆಕ್ಕಾಕ ಬ್ಯಾಟಿ ನಾಯಿ ಯಾಕ ಬೇಕು?"

ಚಿಮ್ಮಡದ ಧರೆಪ್ಪ ನಾಲ್ಕು ನಾಯಿ ಸಾಕಿದ್ದ. ನಾಲ್ಕನ್ನೂ ಹೊಲದಲ್ಲಿ ಸರಪಳಿಗೆ ಕಟ್ಟುತ್ತಿದ್ದ. ನನ್ನ ಹಾಸಿಗೆಯ ಕಾಲುದೆಸೆಯಲ್ಲಿ ಮಲಗುವ ಜಿಂಕ್ಯಾನನ್ನು ಆ ಸರಪಳಿಯಲ್ಲಿ ನೆನೆಸಿಕೊಂಡೆ.

ಮರುದಿನವೇ ನಮ್ಮವರು ಸೀರೆ ಒಯ್ಯುವ ಟೆಂಪೋದಲ್ಲಿ ನಮ್ಮಿಬ್ಬರನ್ನೂ ಜಮಖಂಡಿಯ ದನದ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಕಾಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಕಜ್ಜಿ ಅಲ್ರಿ, ಹುಳುಕಡ್ಡೀನೂ ಅಲ್ಲ. ಏನೋ ತಾಗಿ ಚರ್ಮ ಸುಡಾಕತ್ತೈತಿ. ಮುಲಾಮು ನಾ ಕೊಡ್ತೇನಿ. ತಾಗೂದು ಏನಂತ ನೀವ ಹುಡುಕಬೇಕು. ಅದು ಸಿಗೂ ತನಕ ಹೋಗೂದು, ಬರೂದು, ಇದ ಆಟ."

ಹುಡುಕುವುದು ನನಗೆ ಬರುವ ಕೆಲಸ. ಜಿಂಕ್ಯಾ ಎಲ್ಲಿ ಕಾಲಿಡುತ್ತಾನೆ ಎಂದು ನಾಲ್ಕು ದಿನ ಅವನ ಬೆನ್ನ ಹಿಂದೆಯೇ ತಿರುಗಿದೆ. ದನದ ಕೊಟ್ಟಿಗೆ, ಸುಣ್ಣದ ಗುಂಡಿ, ಕಬ್ಬಿನ ಬದು. ಕೊನೆಗೆ ಅನುಮಾನ ನಿಂತದ್ದು ಎದುರುಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಗಂಗಾರಾಮನ ಮೇಲೆ. ಅವನ ಹಂಡೆಯ ನೀರು ಓಣಿಯ ತುಂಬ ನೀಲಿಯಾಗಿ ಹರಿಯುತ್ತಿತ್ತು. ಅವನ ಬಾಗಿಲಿಗೇ ಹೋಗಿ ಜಗಳ ತೆಗೆದೆ.

"ಅಕ್ಕಾರ, ಇಪ್ಪತ್ತು ವರ್ಷಾತು, ಈ ನೀರಾಗ ನಾನ ಬರಿಗಾಲಲೆ ನಿಂತೇನಿ," ಎಂದು ಅವನು ನೀಲಿ ಪಾದಗಳನ್ನು ತೋರಿಸಿದ. "ನನ್ನ ಕಾಲೂ ಒಂದೀಟ ತಪಾಸ ಮಾಡ್ರಿ."

ಓಣಿಯ ಹೆಂಗಸರು ನಕ್ಕರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು, ಹೊರಗಿನ ಕೊಳೆ ಒಳಗೆ ಬಂದಿದೆಯೆಂದು, ಬಕೆಟ್ಟಿಗೆ ಇನ್ನಷ್ಟು ಫಿನಾಯಿಲ್ ಸುರಿದೆ. ನೀರು ಹಾಲಿನಂತೆ ಬೆಳ್ಳಗೆ, ಮಂದವಾಗುವ ತನಕ ನನಗೆ ಸಮಾಧಾನವಿಲ್ಲ. ಮಾರನೆಯ ದಿನ ಹಿಂಗಾಲುಗಳೂ ಕೆಂಪಾದವು.

ಪಂದ್ಯಕ್ಕೆ ಹದಿನಾಲ್ಕು ದಿನ ಇರುವಾಗ ತವರು ಬೀಳಗಿಯಿಂದ ಹೇಳಿಕಳಿಸಿದರು. ತಂಗಿಗೆ ಹೆರಿಗೆಯಾಗಿತ್ತು. ಬಾಣಂತಿಯ ಹತ್ತಿರ ಎಂಟು ದಿನ ಇರಲೇಬೇಕಾಯಿತು. ಕೂಸಿಗೆ ನೀರು ಹಾಕುವಾಗಲೂ ನನ್ನ ಕಣ್ಣ ಮುಂದೆ ಆ ಅಂಗಾಲುಗಳೇ.

ಎಂಟನೆಯ ದಿನ ಬಸ್ಸಿಳಿದು ಓಣಿಗೆ ಬಂದರೆ, ಜಿಂಕ್ಯಾ ದೂರದಿಂದಲೇ ನಾಲ್ಕೂ ಕಾಲಿನಲ್ಲಿ ಹಾರಿ ಬಂದು ನನ್ನ ಎದೆಗೆ ಢಿಕ್ಕಿ ಹೊಡೆದ. ಕಾಲು ತಿರುವಿದೆ. ಸಂದಿಗಳು ಒಣಗಿ ಹೊಸ ಚರ್ಮ ಬಂದಿತ್ತು.

"ನೀ ಹ್ವಾದಿ, ಅವನ ಬ್ಯಾನಿ ಹೋತು," ಎಂದರು ಅತ್ತೆ. "ಇನ್ನೊಂದ ವಾರ ಇದ್ದು ಬರಬೇಕಿತ್ತು, ನಮ್ಮ ಕಾಲೇಜವ್ವ."

ಚುಚ್ಚುಮಾತೆಂದು ನುಂಗಿಕೊಂಡೆ. ಮರುದಿನ ಬೆಳಿಗ್ಗೆ ಎದ್ದವಳೇ ಎಂಟು ದಿನದ ಕೊಳೆಯೆಲ್ಲ ಹೋಗುವಂತೆ ನೆಲ ಒರೆಸಿದೆ. ಅರ್ಧ ಮನೆ ಮುಗಿಯುವಷ್ಟರಲ್ಲಿ ಬೆರಳ ತುದಿಗಳು ಚುರುಗುಟ್ಟಿದವು. ಇಲ್ಲಿ ದಿನಾ ಒಡೆಯುವ ನನ್ನ ಕೈ ಬೀಳಗಿಯಲ್ಲಿ ಒಡೆದಿರಲಿಲ್ಲವಲ್ಲ ಎಂದುಕೊಂಡು ತಲೆ ಎತ್ತಿದರೆ, ಒದ್ದೆ ನೆಲದ ಮೇಲೆ ಮಲಗಿದ್ದ ಜಿಂಕ್ಯಾ ಅದೇ ಹೊತ್ತಿಗೆ ಅಂಗಾಲು ನೆಕ್ಕಲು ಶುರುಮಾಡಿದ್ದ.

ಹಿಂಡುವ ಅರಿವೆ ಕೈಯಿಂದ ಜಾರಿತು. ಆದರೂ ಒಂದು ಸಲದ ಹೊಂದಿಕೆಯನ್ನು ನಂಬುವವಳಲ್ಲ ನಾನು. ಜಿಂಕ್ಯಾನನ್ನು ಹೊರಗೆ ಬಿಟ್ಟು, ಬಕೆಟ್ಟಿನ ನೀರಲ್ಲಿ ಅರಿವೆ ಅದ್ದಿ ಮೊಣಕೈಯ ಒಳಮಗ್ಗುಲಿಗೆ ಕಟ್ಟಿಕೊಂಡು ಕೂತೆ. ಮಧ್ಯಾಹ್ನಕ್ಕೆ ಬಿಚ್ಚಿದಾಗ ಅಲ್ಲಿ ಅದೇ ಕೆಂಪು, ಅದೇ ಸಣ್ಣ ಗುಳ್ಳೆಗಳು.

ಸೆರಗು ಸರಿಮಾಡಿಕೊಳ್ಳದೆ ಮಗ್ಗದ ಕೋಣೆಗೆ ಓಡಿದೆ. ಆರೂ ಲೂಮುಗಳ ಗದ್ದಲದಲ್ಲಿ ನಮ್ಮವರಿಗೆ ನನ್ನ ಮಾತು ಕೇಳುತ್ತಿಲ್ಲ. ಮೊಣಕೈ ತೋರಿಸಿದೆ, ನಾಯಿಯ ಹಾಗೆ ಕೈ ಎತ್ತಿ ಕುಂಟಿ ತೋರಿಸಿದೆ. ಅವರು ಗಾಬರಿಯಾಗಿ ಮೇನ್ ಸ್ವಿಚ್ ಎಳೆದರು. ಗಕ್ಕನೆ ಎಲ್ಲವೂ ನಿಂತ ನಿಶ್ಶಬ್ದದಲ್ಲಿ ನನ್ನ ದನಿಯೊಂದೇ ಉಳಿಯಿತು:

"ನಾಯಿ ಕಾಲು ಸುಟ್ಟಾಕಿ ನಾನ ರೀ. ನನ್ನ ಫಿನಾಯಿಲ್."

ನೇಕಾರರೆಲ್ಲ ತಿರುಗಿ ನೋಡಿದರು. ನೂಲು ಕೊಡಲು ಬಂದಿದ್ದ ಗಂಗಾರಾಮ ಬಾಗಿಲಲ್ಲೇ ನಿಂತಿದ್ದ.

"ಹಂಗಾರ ನನ್ನ ಬಣ್ಣದ ನೀರು ಪಾಸಾತ್ರಿ ಅಕ್ಕಾರ?"

"ಪಾಸಾತು, ತಪ್ಪಾತು," ಎಂದೆ. ನಾಚಿಕೆಗಿಂತ ಖುಷಿಯೇ ಹೆಚ್ಚಾಗಿತ್ತು. ಕಾರಣ ಸಿಕ್ಕಿತ್ತು, ಇನ್ನೂ ಐದು ದಿನ ಉಳಿದಿತ್ತು.

ಮಾವನ ಮುಂದೆಯೂ ಎಲ್ಲವನ್ನೂ ಹೇಳಿದೆ. ಅವರು "ಹೂಂ" ಎಂದಷ್ಟೇ ಹೇಳಿ ಹೊರಟರು. ಪಂದ್ಯದ ಮಾತನ್ನು ಹಿಂದಕ್ಕೆ ಪಡೆಯಲಿಲ್ಲ. ಅತ್ತೆ ಮಾತ್ರ ಕಂಡಿಕೆ ಬಿಟ್ಟು ಎದ್ದು, ಬರೀ ನೀರಿನಿಂದ ಮೂರು ಸಲ ನೆಲ ತೊಳೆಸಿದರು. ನಾನು ಜಿಂಕ್ಯಾನ ಕಾಲುಗಳನ್ನು ಬೆಚ್ಚಗಿನ ನೀರಲ್ಲಿ ತೊಳೆದು, ಬೆರಳ ಸಂದಿಯೊಂದೊಂದನ್ನೂ ಹಳೆ ಸೀರೆಯಲ್ಲಿ ಒರೆಸಿ ಒಣಗಿಸಿ ಮುಲಾಮು ಹಚ್ಚಿದೆ. ಮೂರನೆಯ ದಿನ ಕೆಂಪು ಇಳಿಯಿತು.

ರವಿವಾರ ಚಿಮ್ಮಡದ ಹೊಲದಲ್ಲಿ, ಜೋಳ ಕಿತ್ತು ಹರಗಿದ ಎರೆಭೂಮಿಯ ಮೇಲೆ, ಎಂಟು ನಾಯಿ. ಎರಡೆರಡರಂತೆ ಬಿಡುವುದು. ಆಚೆ ತುದಿಯಲ್ಲಿ ಮನೆಯವರು ವಸ್ತ್ರ ಬೀಸಿ ಕರೆಯಬೇಕು. ಮೊದಲ ಸುತ್ತಿನಲ್ಲಿ ಜಿಂಕ್ಯಾ ಲೀಲಾಜಾಲವಾಗಿ ಗೆದ್ದ. ಎರಡನೆಯದನ್ನೂ ಗೆದ್ದ. ಕೊನೆಯ ಸುತ್ತು ಧರೆಪ್ಪನ ಕರಿ ನಾಯಿಯ ಜೊತೆ. ನಮ್ಮವರು ಅವನನ್ನು ನಾನು ಕೂತಿದ್ದ ಬಂಡಿಯ ಹತ್ತಿರ ತಂದರು.

"ನೋಡು. ನೀ ಹೂಂ ಅಂದ್ರ ಬಿಡ್ತೇನಿ. ಇಲ್ಲಂದ್ರ ಇಲ್ಲ."

ಬೇಡವೆಂದರೆ ಅವನನ್ನು ಕಳೆದುಕೊಳ್ಳುತ್ತೇನೆ. ಸುಳ್ಳು ಹೂಂ ಅಂದರೆ ಆ ಕಾಲುಗಳನ್ನು ಎರಡನೆಯ ಸಲ ನಾನೇ ಕೆಡಿಸಿದಂತೆ. ಒಂದೊಂದು ಬೆರಳನ್ನೂ ಬಿಡಿಸಿ ಒತ್ತಿದೆ. ಮಣ್ಣು ಹತ್ತಿತ್ತು, ರಕ್ತವಿರಲಿಲ್ಲ. ಹದಿನಾರೂ ಬೆರಳಿಗೆ ಅವನು ಒಮ್ಮೆಯೂ ಕಾಲು ಎಳೆದುಕೊಳ್ಳಲಿಲ್ಲ. ಹೊಲದ ಕಡೆಗೇ ನೋಡುತ್ತ ಮೈ ನಡುಗಿಸುತ್ತಿದ್ದ.

"ಹೂಂ," ಎಂದೆ. ಅವರು ನಾಯಿಯನ್ನು ಬಿಡುವವರ ಕೈಗೆ ಕೊಟ್ಟು, ವಸ್ತ್ರ ಹಿಡಿದು ಆಚೆ ತುದಿಗೆ ಹೋದರು.

ಬಿಟ್ಟರು. ಕರಿ ನಾಯಿ ಮೊದಲೇ ಒಂದು ಮಾರು ಮುಂದೆ ಹೋಯಿತು. ಬಂಡಿಯ ಮೇಲೆ ಅತ್ತೆ ನನ್ನ ತೋಳು ಹಿಡಿದುಕೊಂಡು ಎದ್ದು ನಿಂತಿದ್ದರು. ಅರ್ಧ ಹೊಲ ದಾಟುವಾಗ ಜಿಂಕ್ಯಾನ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿತು, ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟವು, ಮತ್ತೆ ಊರಿದವು, ಮತ್ತೆ ಬಿಟ್ಟವು. ಕಾಲೂರುವ ಪ್ರತಿ ಸಲವೂ ಕುಂಟುತ್ತಾನೇನೋ ಎಂದು ನಾನು ಉಸಿರು ಹಿಡಿದು ನೋಡಿದೆ. ಕುಂಟಲಿಲ್ಲ. ಎರಡು ಮೂತಿಗಳು ಸಮವಾದವು. ನಮ್ಮವರು ವಸ್ತ್ರ ಬೀಸುತ್ತಿದ್ದ ಗೆರೆಯನ್ನು ಜಿಂಕ್ಯಾ ಒಂದು ಕತ್ತಿನಷ್ಟು ಮುಂದಾಗಿ ದಾಟಿದ.

ಬಂಡಿ ಇಳಿದು ಓಡಿದೆ. ನಾನು ತಲುಪುವಷ್ಟರಲ್ಲಿ ಮಾವ, ನಾಯಿಯನ್ನು ಎಂದೂ ಮುಟ್ಟದವರು, ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ಮುಂದಿನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಸಂದಿ ಬಿಡಿಸಿ ನೋಡುತ್ತಿದ್ದರು. ಧರೆಪ್ಪ ಪಕ್ಕದಲ್ಲಿ ನಿಂತಿದ್ದ.

"ರಾಚಪ್ಪಣ್ಣ, ಅವತ್ತಿನ ಮಾತು?"

"ಯಾವ ಮಾತಪಾ? ಇವನ ಸುದ್ದಿ ಬಿಡು," ಎಂದರು ಮಾವ, ತಲೆ ಎತ್ತದೆ. "ಬೇಕಾದ್ರ ಮುಂದ ಇವನ ಮರಿ ಕೇಳು. ಅದನ್ನೂ ನಮ್ಮ ಸೊಸೀನ್ನ ಕೇಳಬೇಕು."