ಮಡಚದ ಬೆರಳಿಗೊಂದು ಡಿಲೇ

ಐದು ಗಂಟೆಗೆ ರಿಹರ್ಸಲ್. ಮೂರಾಗಿತ್ತು, ನಾನಿನ್ನೂ ಹೆಡ್‌ಫೋನ್ ಹಾಕಿಕೊಂಡು, ಗಿಟಾರಿನ ದನಿ ಬದಲಿಸುವ ಡಿಜಿಟಲ್ ಆಂಪ್ ಪೆಟ್ಟಿಗೆಯ ಗುಂಡಿ ತಿರುಗಿಸುತ್ತಲೇ ಇದ್ದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನುವಂಥ ತಳಮಳ.

ಎಂಟು ತಿಂಗಳ ಹಿಂದೆ ಲಿಫ್ಟ್ ರಿಪೇರಿ ಮಾಡುವಾಗ ಬಾಗಿಲಿಗೆ ಸಿಕ್ಕ ನನ್ನ ಎಡಗೈಯ ಉಂಗುರ ಬೆರಳು ಈಗ ಮಡಚುವುದಿಲ್ಲ. ತಂಡದವರಿಗೆ ಪೂರ್ತಿ ವಾಸಿಯಾಗಿದೆ ಎಂದು ಹೇಳಿಬಿಟ್ಟಿದ್ದೆ. ಇವತ್ತು ಸರಿಯಾಗಿ ನುಡಿಸದಿದ್ದರೆ ಶನಿವಾರದ ಕಾರ್ಯಕ್ರಮಕ್ಕೆ, ಆಮೇಲೂ, ಬೇರೆ ಗಿಟಾರಿಸ್ಟ್. ಹತ್ತು ವರ್ಷದ ಜಾಗ. ಬಿಟ್ಟುಕೊಡಲು ನನಗೆ ಸ್ವಲ್ಪವೂ ಮನಸ್ಸಿರಲಿಲ್ಲ.

ಆಪತ್ತಿಗಾದವನೇ ನೆಂಟ ಅಂತಾರಲ್ಲ, ನನಗಾದದ್ದು ಆ ಪೆಟ್ಟಿಗೆ. ಅದರಲ್ಲಿ ಡಿಲೇ ಅಂತ ಒಂದು ಎಫೆಕ್ಟ್ ಇದೆ: ನಾವು ನುಡಿಸಿದ ಸ್ವರವನ್ನು ಚೂರು ತಡೆದು ಮತ್ತೆ ಕೇಳಿಸುತ್ತದೆ. ನಾನು ಒಂದು ನುಡಿಸಿದರೆ ಕೇಳುವುದು ಎರಡು. ಮೂರು ಬೆರಳಿನ ಕೆಲಸ ನಾಲ್ಕರದ್ದಾಗಿಬಿಡುತ್ತದೆ. ಅದರ ಮೇಲೆ ದನಿ ದಪ್ಪವಾಗಿಸುವ ಕೋರಸ್, ಗುಂಯ್‌ಗುಡಿಸುವ ರಿವರ್ಬ್. ಬಿರುಕು ಬಿಟ್ಟ ಗೋಡೆಗೆ ಮೂರು ಕೋಟು ಬಣ್ಣ.

ನನ್ನವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೆಡ್‌ಫೋನ್ ತೆಗೆದು ಅವಳ ಕಿವಿಗಿಟ್ಟೆ.

"ಹೇಗಿದೆ?"

"ಚೆನ್ನಾಗಿದೆ. ಆದ್ರೆ ಇದ್ರಲ್ಲಿ ನೀವೆಲ್ಲಿದೀರಿ? ಬೆರಳು ಆಗಲ್ಲ ಅಂತ ಬಾಯ್ಬಿಟ್ಟು ಹೇಳ್ಬಾರ್ದಾ ಅವ್ರಿಗೆ?"

"ನಿಂಗೇನ್ ಗೊತ್ತು," ಎಂದು ಸಿಡುಕಿದೆ. ಅವಳಿಗೆ ಗೊತ್ತಿತ್ತು. ಅದಕ್ಕೇ ಸಿಟ್ಟು.

ಐದಕ್ಕೆ ಸಭಾಂಗಣದಲ್ಲಿ ಡ್ರಮ್ಮರ್ ಕಡ್ಡಿ ತಟ್ಟಿ ಶುರುಮಾಡಿದ. ಅವನನ್ನು ನಾವು ಕರೆಯುವುದೇ 'ಅವಸರ' ಅಂತ. ಮೊದಲ ಸಾಲು ಅಮೃತ. ಎರಡನೆಯದಕ್ಕೆ ಅವಸರನಿಗೆ ಹುರುಪು ಬಂತು, ಮುಂದೋಡಿದ. ನನ್ನ ಡಿಲೇ ಮಾತ್ರ ನಾನು ಮನೆಯಲ್ಲಿ ಹೊಂದಿಸಿಟ್ಟ ವೇಗದಲ್ಲೇ ಆರಾಮಾಗಿ ಹಿಂದೆ ಬರುತ್ತಿತ್ತು. ಸ್ವರಕ್ಕೆ ಸ್ವರ ಡಿಕ್ಕಿ. ಹತ್ತು ವರ್ಷ ಈ ಮನುಷ್ಯನ ಜೊತೆ ನುಡಿಸಿಯೂ ಅವನ ಓಟ ಮರೆತಿದ್ದೆನಲ್ಲ, ಬುದ್ಧಿಗೆ ಅದ್ಯಾವ ಮಂಕು ಬಡಿದಿತ್ತೋ!

ಹಾಡುವ ಅಕ್ಕ ಕೈಯೆತ್ತಿ ನಿಲ್ಲಿಸಿದರು. ತಂಡ ಅವರದೇ. "ಎಲ್ಲಾ ಆಫ್ ಮಾಡಪ್ಪ. ಬರೀ ಗಿಟಾರ್ ನುಡ್ಸು."

ಒಂದೊಂದೇ ಎಫೆಕ್ಟ್ ಆಫ್ ಮಾಡಿದೆ. ಅಕ್ಕ ಹಾಡತೊಡಗಿದರು; ಮೂರೇ ಬೆರಳಲ್ಲಿ ನುಡಿಸಿದೆ, ಸಿಗದ ಸ್ವರ ಬಿಟ್ಟೆ. ಪ್ರತಿ ಸಾಲಿನ ಕೊನೆಗೂ ಹಲ್ಲು ಬಿದ್ದ ಬಾಯಿಯಂತೆ ಸಂದು. ಹಾಡು ಮುಗಿದಾಗ ತಲೆಯೆತ್ತಲು ಧೈರ್ಯವಾಗಲಿಲ್ಲ.

"ಬೆರಳು ವಾಸಿಯಾಗಿಲ್ಲ, ಅಲ್ವಾ?" ಎಂದರು ಅಕ್ಕ.

"ಇಲ್ಲಕ್ಕ. ಆಗೋದೂ ಇಲ್ಲ. ಸುಳ್ಳು ಹೇಳ್ದೆ."

ಅವರು ನೀರು ಕುಡಿದು ಬಾಟಲಿ ಕೆಳಗಿಟ್ಟರು. "ಶನಿವಾರ ಹೀಗೇ ನುಡ್ಸು. ಮುಂಚೆ ಸಾಲಿನ ಕೊನೆಯೆಲ್ಲ ನೀನೇ ತುಂಬಿಬಿಡ್ತಿದ್ದೆ, ನಂಗೆ ಉಸಿರು ತಗೊಳ್ಳೋಕೆ ಜಾಗಾನೇ ಇರ್ತಿರ್ಲಿಲ್ಲ. ಇವತ್ತು ಸಿಕ್ತು."

"ಹತ್ತು ವರ್ಷ ಯಾಕಕ್ಕ ಹೇಳ್ಲಿಲ್ಲ?"

"ಅಷ್ಟು ಚೆನ್ನಾಗಿ ನುಡಿಸ್ತಿದ್ಯಲ್ಲೋ. ಹೇಗ್ ಹೇಳ್ಲಿ?"

ಜಾಗ ಉಳಿಯಿತು. ಖುಷಿಯಾಗಬೇಕಿತ್ತು. ಆದರೆ ನಾಲ್ಕೂ ಬೆರಳು ಸರಿಯಾಗಿ ಮಡಚುತ್ತಿದ್ದ ಆ ಹತ್ತು ವರ್ಷ ನಾನು ಅವರ ಉಸಿರು ಕಟ್ಟಿಸುತ್ತಿದ್ದೆ ಎನ್ನುವುದು ಎದೆಗೆ ನಾಟಿತು. ಅವಸರ ಮುಂದಿನ ಹಾಡಿಗೆ ಕಡ್ಡಿ ತಟ್ಟಿದ. ನನ್ನ ಕೈ ಏಳಲಿಲ್ಲ.